ಅಮೆರಿಕದ ಕಾಲೇಜುಗಳಲ್ಲಿ ಎನ್‌ಸಿಎಎ ರೋಯಿಂಗ್ ಚಾಂಪಿಯನ್‌ಶಿಪ್ ಹುಡುಗಿಯರಿಗೆ ಮಾತ್ರ ಇದೆಯಂತೆ, ಯಾಕೆ? ಹಿಂದೆಂದೂ ದೋಣಿ ಹತ್ತದ ನನ್ನ ಮಗಳು ಪ್ರಯತ್ನಿಸಬಹುದೇ?

ಹುಡುಗರಿಗೆ ಅನ್ಯಾಯ ಆಗಿರಬೇಕು ಎಂಬ ಅನುಮಾನ ನಿಮ್ಮ ಪ್ರಶ್ನೆಯಲ್ಲಿ ಕಾಣುತ್ತಿದೆ. ಆಗಿಲ್ಲ. ಅವರಿಗೆ ಸ್ವಂತ ಮನೆ ಮೊದಲೇ ಇತ್ತು, ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಎಂಬ ಸಂಘದ ಹಂಗು ಬೇಕಿರಲಿಲ್ಲ ಅಷ್ಟೆ.

ನಾನು ಶಿವಮೊಗ್ಗದವಳು, ಈಗ ನ್ಯೂಜೆರ್ಸಿಯಲ್ಲಿದ್ದೇನೆ. ತುಂಗೆಯಲ್ಲಿ ತೆಪ್ಪ ನೋಡಿದ್ದು ಬಿಟ್ಟರೆ ಹುಟ್ಟು ಹಾಕುವುದರ ಗಂಧಗಾಳಿ ನನಗಿರಲಿಲ್ಲ. ಮಗಳು ಕಾಲೇಜು ಸೇರಿದ ಮೊದಲ ವಾರವೇ ಯಾರೋ ತಡೆದು ನಿಲ್ಲಿಸಿ "ನಿನ್ನ ಎತ್ತರ ಎಷ್ಟು?" ಎಂದು ಕೇಳಿದರಂತೆ. ನಮ್ಮ ಕಡೆ ಹಾಗೆ ಕೇಳುವವರು ಗಂಡಿನ ಕಡೆಯವರು. ಇವರು ರೋಯಿಂಗ್ ಕೋಚ್! ಅಲ್ಲಿಂದ ಶುರುವಾಯಿತು ನನ್ನ ದೋಣಿ ವಿದ್ಯಾಭ್ಯಾಸ.

ಅಮೆರಿಕದಲ್ಲಿ ಎರಡು ಕಾಲೇಜುಗಳ ನಡುವೆ ನಡೆದ ಮೊಟ್ಟಮೊದಲ ಕ್ರೀಡಾ ಸ್ಪರ್ಧೆಯೇ ದೋಣಿ ಪಂದ್ಯ. 1852ರಲ್ಲಿ ಹಾರ್ವರ್ಡ್ ಮತ್ತು ಯೇಲ್ ಹುಡುಗರು ನ್ಯೂ ಹ್ಯಾಂಪ್‌ಶೈರ್‌ನ ಒಂದು ಸರೋವರದಲ್ಲಿ ಸೆಣಸಿದರು. 1891ರಲ್ಲಿ ಕೊಲಂಬಿಯಾ, ಕಾರ್ನೆಲ್, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಗಳು ಸೇರಿ ಐಆರ್‌ಎ ಎಂಬ ರೋಯಿಂಗ್ ಸಂಘ ಕಟ್ಟಿದವು. 1895ರಿಂದ ಅದರ ಪಂದ್ಯಗಳು ನಡೆಯುತ್ತಿವೆ. ಎನ್‌ಸಿಎಎ ಹುಟ್ಟಿದ್ದು 1906ರಲ್ಲಿ. ಅಜ್ಜ ಮೊಮ್ಮಗನ ಮನೆಗೆ ಯಾಕೆ ಬಾಡಿಗೆಗೆ ಹೋಗುತ್ತಾನೆ? ಹುಡುಗರ ರಾಷ್ಟ್ರೀಯ ಪಟ್ಟ ಇವತ್ತಿಗೂ ಐಆರ್‌ಎಯದ್ದೇ. ತಮಾಷೆಯೆಂದರೆ ಕಡಿಮೆ ತೂಕದ ವಿಭಾಗದ ಹುಡುಗಿಯರೂ ಅಲ್ಲಿಗೇ ಹೋಗುತ್ತಾರೆ, ಎನ್‌ಸಿಎಎಯಲ್ಲಿ ಅವರಿಗೆ ಜಾಗವಿಲ್ಲ.

ಹುಡುಗಿಯರು ಆಗ ದೋಣಿ ನಡೆಸುತ್ತಿರಲಿಲ್ಲವೆಂದಲ್ಲ. ಮ್ಯಾಸಚೂಸೆಟ್ಸ್‌ನ ವೆಲ್ಸ್‌ಲಿ ಮಹಿಳಾ ಕಾಲೇಜಿನವರು 1870ರ ದಶಕದಲ್ಲೇ ತಮ್ಮ ಕೆರೆಗೆ ದೋಣಿ ಇಳಿಸಿದ್ದರು. ಆದರೆ ಸ್ಪರ್ಧೆ ಹೆಣ್ಣಿಗೆ ಒಗ್ಗುವುದಿಲ್ಲ ಎಂಬ ನಂಬಿಕೆಯ ಕಾಲ, ಹಾಗಾಗಿ ಅಲ್ಲಿ ವೇಗಕ್ಕಿಂತ ಅಂದವೇ ಮುಖ್ಯ. ಇಂಗ್ಲೆಂಡಿನಲ್ಲೂ ಇದೇ ಕಥೆ. 1927ರಲ್ಲಿ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಡ್ಜ್ ಹೆಣ್ಣುಮಕ್ಕಳ ಮೊದಲ ಪಂದ್ಯ ನಡೆದಾಗ ಎರಡು ದೋಣಿಗಳನ್ನು ಒಟ್ಟಿಗೆ ನದಿಗೆ ಬಿಡಲಿಲ್ಲ. ಒಬ್ಬರಾದ ಮೇಲೆ ಒಬ್ಬರು ಬಂದರು, ವೇಗದ ಜೊತೆಗೆ ಶೈಲಿಗೂ ಅಂಕ ಕೊಟ್ಟರು. ಗಂಡಸರು ಓಡಿಸುವ ಲಂಡನ್ನಿನ ಥೇಮ್ಸ್ ಹಾದಿ ಅವರಿಗೆ ದಕ್ಕಿದ್ದು 2015ರಲ್ಲಿ!

ಅಮೆರಿಕದಲ್ಲಿ ಗಾಳಿ ತಿರುಗಿದ್ದು 1972ರ ಜೂನ್‌ನಲ್ಲಿ, ಟೈಟಲ್ ನೈನ್ ಕಾನೂನಿನಿಂದ. ಕೇಂದ್ರ ಸರ್ಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆ ಲಿಂಗದ ಆಧಾರದಲ್ಲಿ ಭೇದ ಮಾಡಬಾರದು ಎನ್ನುವ ಆ ಮುಖ್ಯ ವಾಕ್ಯದಲ್ಲಿ ಕ್ರೀಡೆ ಎಂಬ ಪದವೇ ಇಲ್ಲ. ಕಾನೂನು ಬಂದ ಮಾತ್ರಕ್ಕೆ ನಲ್ಲಿಯಲ್ಲಿ ಬಿಸಿನೀರು ಬರುತ್ತದೆಯೇ? ಈ ಮಾತನ್ನು ಅಕ್ಷರಶಃ ಹೇಳುತ್ತಿದ್ದೇನೆ. ಯೇಲ್‌ನ ದೋಣಿಮನೆಯಲ್ಲಿ ಹುಡುಗರಿಗೆ ಸ್ನಾನದ ಮನೆ ಇತ್ತು, ಹುಡುಗಿಯರಿಗೆ ಇರಲಿಲ್ಲ. ಚಳಿಯಲ್ಲಿ ಅಭ್ಯಾಸ ಮುಗಿಸಿದ ಹುಡುಗಿಯರು ಒದ್ದೆ ಬಟ್ಟೆಯಲ್ಲೇ ಬಸ್ಸಿನಲ್ಲಿ ಕೂತು, ಹುಡುಗರ ಸ್ನಾನ ಮುಗಿಯಲಿ ಎಂದು ಕಾಯಬೇಕಿತ್ತು.

1976ರ ಮಾರ್ಚ್ 3ರಂದು ನಾಯಕಿ ಕ್ರಿಸ್ ಅರ್ನ್ಸ್ಟ್ ಸೇರಿ ಹತ್ತೊಂಬತ್ತು ಹುಡುಗಿಯರು ಯೇಲ್‌ನ ಮಹಿಳಾ ಕ್ರೀಡಾ ನಿರ್ದೇಶಕಿಯ ಕಚೇರಿಗೆ ನುಗ್ಗಿ ಮೇಲಂಗಿ ತೆಗೆದು ನಿಂತರು. ಮೈಮೇಲೆ "ಟೈಟಲ್ ನೈನ್" ಎಂದು ಬಣ್ಣದಲ್ಲಿ ಬರೆದಿತ್ತು. ಯೇಲ್ ದುಡಿಸಿಕೊಳ್ಳುತ್ತಿರುವುದು ಈ ದೇಹಗಳನ್ನೇ ಎಂಬ ಹೇಳಿಕೆಯನ್ನು ಅರ್ನ್ಸ್ಟ್ ಓದಿದರು. ಒಬ್ಬ ವಿದ್ಯಾರ್ಥಿ ವರದಿಗಾರ ಜೊತೆಗಿದ್ದ, ಸುದ್ದಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬಂತು. ಆಮೇಲೆ ಸ್ನಾನದ ಮನೆಯೂ ಬಂತು. ಅದೇ ಬೇಸಿಗೆಯಲ್ಲಿ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಮಹಿಳಾ ರೋಯಿಂಗ್ ಸೇರಿತು, ಆದರೆ 1000 ಮೀಟರ್ ಮಾತ್ರ. ಗಂಡಸರ ಹಾಗೆ 2000 ಮೀಟರ್ ಆಗಲು 1988ರ ಸೋಲ್‌ವರೆಗೆ ಕಾಯಬೇಕಾಯಿತು. ಹೆಂಗಸರ ಉಸಿರು ಅರ್ಧ ದಾರಿಗೇ ಮುಗಿಯುತ್ತದೆ ಎಂದುಕೊಂಡಿದ್ದರೋ ಏನೋ!

ಇಲ್ಲಿಯವರೆಗಿನದು ಹೋರಾಟ. ಇನ್ನು ಲೆಕ್ಕಾಚಾರ. ಅಮೆರಿಕನ್ ಫುಟ್‌ಬಾಲ್‌ನ ಒಂದು ದೊಡ್ಡ ತಂಡಕ್ಕೆ ಬಹುಕಾಲ 85 ವಿದ್ಯಾರ್ಥಿವೇತನಗಳ ಮಿತಿಯಿತ್ತು, ಎಲ್ಲವೂ ಹುಡುಗರಿಗೆ. ಟೈಟಲ್ ನೈನ್ ಪ್ರಕಾರ ಹುಡುಗಿಯರಿಗೂ ಸಮನಾದ ಅವಕಾಶ ಕೊಡಬೇಕು, ಆದರೆ ಅವರ ಕಡೆ ಅಷ್ಟು ಜನ ಹಿಡಿಸುವ ಆಟವೇ ಇಲ್ಲ. ರೋಯಿಂಗ್ ತಂಡದಲ್ಲಾದರೆ ಹತ್ತಾರು ಹುಡುಗಿಯರನ್ನು ಸೇರಿಸಿಕೊಳ್ಳಬಹುದು. 1997ರಲ್ಲಿ ಎನ್‌ಸಿಎಎ ಮಹಿಳಾ ಚಾಂಪಿಯನ್‌ಶಿಪ್ ಆರಂಭಿಸಿದಾಗ ಹಲವು ವಿಶ್ವವಿದ್ಯಾಲಯಗಳು ಮಹಿಳಾ ರೋಯಿಂಗ್‌ಗೆ ಕೈಹಾಕಿದ್ದರ ಹಿಂದೆ ಈ ಗಣಿತವಿತ್ತು. ಉದ್ದೇಶ ಅಪ್ಪಟ ಚಿನ್ನವಲ್ಲ, ಒಪ್ಪುತ್ತೇನೆ. ಆದರೆ ನನ್ನ ಮಗಳಂಥವರು ದೋಣಿ ಹತ್ತಿದ್ದೂ ಅದರಿಂದಲೇ, ಹಾಗಾಗಿ ನಾನು ಗೊಣಗುವುದಿಲ್ಲ.

ಮೊದಲ ವರ್ಷ ಕ್ಯಾಲಿಫೋರ್ನಿಯಾದ ನಟೋಮಾ ಸರೋವರದಲ್ಲಿ ಗೆದ್ದದ್ದು ವಾಷಿಂಗ್ಟನ್ ವಿಶ್ವವಿದ್ಯಾಲಯ. ಆಮೇಲೆ ಬ್ರೌನ್‌ನ ಕಾಲ, ಈಚೆಗೆ ಟೆಕ್ಸಸ್, ಸ್ಟ್ಯಾನ್‌ಫರ್ಡ್‌ಗಳದ್ದು. ಅಗ್ರ ವಿಭಾಗದಲ್ಲಿ 22 ತಂಡಗಳು, ಪ್ರತಿ ತಂಡಕ್ಕೆ ಮೂರು ದೋಣಿ: ಎಂಟು ಜನರದ್ದು ಎರಡು, ನಾಲ್ವರದ್ದು ಒಂದು, ಪ್ರತಿಯೊಂದರಲ್ಲೂ ಚುಕ್ಕಾಣಿ ಹಿಡಿದು ಕೂಗುವ ಒಬ್ಬಳು. ಗೆದ್ದರೆ ಕ್ರಮವಾಗಿ 66, 44, 22 ಅಂಕ. 2017ರಲ್ಲಿ ನಮ್ಮ ನ್ಯೂಜೆರ್ಸಿಯ ಮರ್ಸರ್ ಸರೋವರದಲ್ಲಿ ವಾಷಿಂಗ್ಟನ್ ಮೂರೂ ದೋಣಿಗಳಲ್ಲಿ ಗೆದ್ದು 132ಕ್ಕೆ 132 ಪಡೆಯಿತು. ಹಾಗೆ ಮಾಡಿದ ಮೊದಲ ತಂಡ ಅದು. 2021ರಲ್ಲಿ ಇನ್ನೂ ಮಜಾ: ಟೆಕ್ಸಸ್, ಸ್ಟ್ಯಾನ್‌ಫರ್ಡ್, ವಾಷಿಂಗ್ಟನ್ ಮೂರಕ್ಕೂ 118 ಅಂಕ. ಮೊದಲ ದೋಣಿಯ ಫೈನಲ್ ಗೆದ್ದಿದ್ದರಿಂದ ಟೆಕ್ಸಸ್‌ಗೆ ಪಟ್ಟ ಸಿಕ್ಕಿತು. ಸಣ್ಣ ಕಾಲೇಜುಗಳಿಗೆ 2002ರಿಂದ ಬೇರೆ ವಿಭಾಗಗಳಿವೆ. 2016ರಲ್ಲಿ ಮೂರನೇ ವಿಭಾಗವನ್ನು ಗೆದ್ದದ್ದು ಯಾರು ಗೊತ್ತೇ? ಅದೇ ವೆಲ್ಸ್‌ಲಿ.

ಇನ್ನು ನಿಮ್ಮ ಮಗಳ ವಿಷಯ. ಪ್ರಯತ್ನಿಸಬಹುದು, ಆದರೆ ನನ್ನ ಮಗಳಿಗೆ ಸಿಕ್ಕಷ್ಟು ಸಲೀಸಲ್ಲ. ಕಾಲೇಜುಗಳು ಕ್ರೀಡಾಪಟುಗಳಿಗೆ ನೇರವಾಗಿ ಹಣ ಕೊಡಬಹುದು ಎಂದ 2025ರ ನ್ಯಾಯಾಲಯದ ಒಪ್ಪಂದದ ನಂತರ ಅದನ್ನು ಒಪ್ಪಿಕೊಂಡ ವಿಶ್ವವಿದ್ಯಾಲಯಗಳಲ್ಲಿ ಮಹಿಳಾ ರೋಯಿಂಗ್ ತಂಡಕ್ಕೆ 68 ಜನರ ಮಿತಿ ಬಂದಿದೆ. ಎತ್ತರ ನೋಡಿ ಹೊಸಬರನ್ನು ಧಾರಾಳವಾಗಿ ಸೇರಿಸಿಕೊಳ್ಳುವ ಕಾಲ ಅಲ್ಲೆಲ್ಲ ಮುಗಿಯುತ್ತಾ ಬಂದಿದೆ. ಸಣ್ಣ ಕಾಲೇಜುಗಳನ್ನೂ ಪಟ್ಟಿಯಲ್ಲಿಟ್ಟುಕೊಳ್ಳಿ. ಜಿಮ್‌ನಲ್ಲಿ ರೋಯಿಂಗ್ ಮೆಷಿನ್ ಇದ್ದರೆ 2000 ಮೀಟರ್‌ಗೆ ಎಷ್ಟು ನಿಮಿಷ ಹಿಡಿಯುತ್ತದೆ ಎಂದು ಬರೆದಿಡಲಿ, ಕೋಚ್‌ಗಳು ಮೊದಲು ಕೇಳುವುದು ಅದನ್ನೇ. ಅದಕ್ಕೂ ಮುಂಚೆ ಈಜು ಕಲಿಸಿ. ನನ್ನ ಮಗಳಿಗೆ ಬರುತ್ತಿರಲಿಲ್ಲ, ಮೊದಲ ತಿಂಗಳು ಪೂರ್ತಿ ದೋಣಿಯ ಬದಲು ಈಜುಕೊಳದಲ್ಲೇ ಕಳೆದಳು.