ಐದನೇ ತಿಂಗಳಲ್ಲಿ ಕೊಂಡ ವಿಮೆ ಹೆರಿಗೆಗೆ ಒದಗುತ್ತದೆಯೇ?

ಪ್ರಶ್ನೆ: ಮೇಡಂ, ನನಗೀಗ ಐದು ತಿಂಗಳು, ಚೊಚ್ಚಲು. ಯಜಮಾನರಿಗೆ ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸ, ಸಂಬಳ ಹದಿನೆಂಟು ಸಾವಿರ. ಹೆರಿಗೆ ಖರ್ಚೂ ಸಿಗುತ್ತದೆ ಎಂದು ಪರಿಚಯದ ಏಜೆಂಟರೊಬ್ಬರು ಆರೋಗ್ಯ ವಿಮೆ ಮಾಡಿಸಿದರು. ಅರ್ಜಿಯಲ್ಲಿ ಗರ್ಭಿಣಿ ಎಂದು ಬರೆಯುವುದು ಬೇಡ ಎಂದರು. ಪಾಲಿಸಿ ಕೈಗೆ ಬಂದು ಹತ್ತು ದಿನವಾಯಿತು. ಹೆರಿಗೆಗೆ ಅರಸೀಕೆರೆಯ ತವರಿಗೆ ಹೋಗುತ್ತೇನೆ. ಅಲ್ಲಿನ ಖಾಸಗಿ ಆಸ್ಪತ್ರೆಯಲ್ಲಿ ಈ ವಿಮೆ ನಡೆಯುತ್ತದೆಯೇ?
– ಹೆಸರು ಬೇಡ, ಬೆಂಗಳೂರು

ಉತ್ತರ: ನಡೆಯುವುದಿಲ್ಲ, ತಂಗಿ. ವಿಮಾ ಕಚೇರಿಯ ಕ್ಲೇಮ್ ವಿಭಾಗದಲ್ಲಿ ವರ್ಷಗಟ್ಟಲೆ ಇಂಥ ಕಡತಗಳನ್ನು ನೋಡಿದವಳು ನಾನು. ಆಸ್ಪತ್ರೆಯ ಬಿಲ್ ಹಿಡಿದು ಬಂದ ತಂದೆಯಂದಿರಿಗೆ ‘ಇಲ್ಲ’ ಎನ್ನುವುದಕ್ಕಿಂತ ಕಷ್ಟದ ಕೆಲಸ ಅಲ್ಲಿರಲಿಲ್ಲ. ಅದಕ್ಕೇ ಈಗಲೇ ಹೇಳುತ್ತಿದ್ದೇನೆ. ನಾವೇ ಕೊಳ್ಳುವ ಆರೋಗ್ಯ ಪಾಲಿಸಿಗಳಲ್ಲಿ ಹೆಚ್ಚಿನವು ಹೆರಿಗೆ ವೆಚ್ಚವನ್ನು ಹೊರಗಿಡುತ್ತವೆ. ಸಿಸೇರಿಯನ್ ವೆಚ್ಚಕ್ಕೂ ಹೊರಗಿಡುವ ಇದೇ ನಿಯಮ. ಗರ್ಭಕೋಶದ ಹೊರಗೆ ಭ್ರೂಣ ಬೆಳೆದು ಜೀವಕ್ಕೆ ಕುತ್ತು ಬರುವ ಸಂದರ್ಭಕ್ಕೆ ಮಾತ್ರ ಆ ನಿಯಮ ವಿನಾಯಿತಿ ಕೊಡುತ್ತದೆ. ಹೆರಿಗೆಯನ್ನು ಸೇರಿಸಿಕೊಳ್ಳುವ ಪಾಲಿಸಿಗಳಲ್ಲೂ ಕಾಯುವ ಅವಧಿ, ಅಂದರೆ ಪಾಲಿಸಿ ಕೊಂಡ ಮೇಲೆ ಹೆರಿಗೆಗೆ ಹಣ ಸಿಗದ ಅವಧಿ, ಇರುತ್ತದೆ: ಕೆಲವದರಲ್ಲಿ ಒಂಬತ್ತು ತಿಂಗಳು, ಬಹಳಷ್ಟರಲ್ಲಿ ಎರಡು ಮೂರು ವರ್ಷ. ನಿಮಗೆ ಉಳಿದಿರುವುದು ನಾಲ್ಕೇ ತಿಂಗಳು.

ಅರ್ಜಿಯಲ್ಲಿ ಗರ್ಭವನ್ನು ಮುಚ್ಚಿಡಿ ಎಂದ ಏಜೆಂಟರ ಮೇಲೆ ನನಗೆ ನಿಜಕ್ಕೂ ಸಿಟ್ಟು ಬಂದಿದೆ. ಕೇಳಿದ್ದನ್ನು ಮುಚ್ಚಿಟ್ಟರೆ ನಾಳೆ ಬೇರೆ ಯಾವುದೋ ಕಾಯಿಲೆಯ ಕ್ಲೇಮಿಗೂ ತಕರಾರು ತೆಗೆಯಲು ಕಂಪನಿಗೆ ಅವಕಾಶ ಸಿಗುತ್ತದೆ. ಪಾಲಿಸಿ ಕೈಸೇರಿದ 30 ದಿನಗಳ ಒಳಗೆ ಅದನ್ನು ಹಿಂತಿರುಗಿಸಬಹುದು. ಕಂಪನಿಗೇ ನೇರವಾಗಿ ಬರವಣಿಗೆಯಲ್ಲಿ ತಿಳಿಸಿ, ಏಜೆಂಟರ ಕೈಗೆ ಕೊಟ್ಟು ಕೂರಬೇಡಿ. ಮುದ್ರಾಂಕ ಶುಲ್ಕದಂಥ ಸಣ್ಣಪುಟ್ಟ ಕಡಿತ ಬಿಟ್ಟು ಉಳಿದ ಹಣ ಬರುತ್ತದೆ.

ಇನ್ನು ನಿಮ್ಮ ಯಜಮಾನರ ಸಂಬಳದ ಚೀಟಿ ತೆಗೆದು ನೋಡಿ. ‘ಇಎಸ್‌ಐ’ (ನೌಕರರ ರಾಜ್ಯ ವಿಮೆ) ಎಂಬ ಸಾಲಿನಲ್ಲಿ 135 ರೂಪಾಯಿ ಕಡಿತವಾಗಿರಬೇಕು. ಹದಿನೆಂಟು ಸಾವಿರಕ್ಕೆ ಶೇ 0.75ರ ಲೆಕ್ಕ ಅದು. ಮಾಲೀಕರು ಅದರ ಜೊತೆಗೆ ಶೇ 3.25ರಂತೆ 585 ರೂಪಾಯಿ ಕಟ್ಟುತ್ತಾರೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿರುವವರಿಗೆ ಈ ವ್ಯವಸ್ಥೆ ಅನ್ವಯ, ಹೆಂಡತಿಯ ಹೆರಿಗೆಯೂ ಅದರಲ್ಲಿ ಸೇರಿದೆ. ಇದನ್ನು ಯಾರೂ ನಿಮಗೆ ಹೇಳಲಿಲ್ಲವಲ್ಲ ಎಂಬುದೇ ನನಗೆ ಸಂಕಟ. ಮೊದಲು ಕಾರ್ಖಾನೆಯ ಕಚೇರಿಯಲ್ಲಿ ವಿಚಾರಿಸಿ, ಇಎಸ್‌ಐ ಕಾರ್ಡಿನ ಕುಟುಂಬದ ಪಟ್ಟಿಯಲ್ಲಿ ನಿಮ್ಮ ಹೆಸರು, ಫೋಟೊ ಇವೆಯೇ ಖಚಿತಪಡಿಸಿಕೊಳ್ಳಿ. ಮದುವೆಯಾದ ಮೇಲೆ ಹೆಂಡತಿಯ ಹೆಸರು ಸೇರಿಸುವುದನ್ನು ಮರೆತವರು ಬಹಳ. ಹೆಸರಿದ್ದರೆ ನಿಮ್ಮ ಡಿಸ್ಪೆನ್ಸರಿಯ ಮೂಲಕ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲೇ ತಪಾಸಣೆ, ಹೆರಿಗೆ ಎರಡೂ ಆಗುತ್ತವೆ.

ಆದರೆ ಚೊಚ್ಚಲು ಬಾಣಂತನ ತವರಿನಲ್ಲೇ ಆಗಬೇಕೆಂಬ ಆಸೆ ನಿಮ್ಮ ತಾಯಿಗೂ ಇರುತ್ತದೆ. ಹಾಗಿದ್ದರೆ ಅರಸೀಕೆರೆಯ ತಾಲ್ಲೂಕು ಆಸ್ಪತ್ರೆಗೆ ಹೋಗಿ. 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಯಾವುದೇ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಉಚಿತ, ಸಿಸೇರಿಯನ್ ಆದರೂ ಅಷ್ಟೇ. ಔಷಧಿ, ರಕ್ತ, ಪರೀಕ್ಷೆಗಳಿಗೂ ಹಣ ಕೊಡಬೇಕಿಲ್ಲ. ಸಹಜ ಹೆರಿಗೆಯಾದರೆ ಮೂರು ದಿನ, ಶಸ್ತ್ರಚಿಕಿತ್ಸೆಯಾದರೆ ಏಳು ದಿನ ತಾಯಿಗೆ ಊಟ ಕೊಡುತ್ತಾರೆ. ಬಿಪಿಎಲ್, ಎಪಿಎಲ್ ಎಂಬ ಭೇದವಿಲ್ಲ. ಬೆಂಗಳೂರಿನಲ್ಲಿ ಮಾಡಿಸಿದ ತಾಯಿ ಕಾರ್ಡ್ ಮತ್ತು ಸ್ಕ್ಯಾನಿಂಗ್ ವರದಿಗಳನ್ನು ಮರೆಯದೆ ಒಯ್ಯಿರಿ. ಊರು ಸೇರಿದ ವಾರದಲ್ಲೇ ಅಲ್ಲಿನ ಆಶಾ ಕಾರ್ಯಕರ್ತೆಯನ್ನು ಕಂಡು ಹೆಸರು ಬರೆಸಿ. ನೋವು ಕಾಣಿಸಿಕೊಂಡ ಮೇಲೆ ಹುಡುಕಿಕೊಂಡು ಹೋಗುವ ಸ್ಥಿತಿ ಬರಬಾರದು.

ಇನ್ನೊಂದು ಮಾತು. ಮೊದಲ ಮಗುವಿಗೆ ಮಾತೃವಂದನಾ ಯೋಜನೆಯಲ್ಲಿ 5,000 ರೂಪಾಯಿ ಸಿಗುತ್ತದೆ. ಅಂಗನವಾಡಿಯಲ್ಲಿ ಕೇಳಿ.

ಪ್ರಶ್ನೆ: ನಾನು ಸಾಫ್ಟ್‌ವೇರ್ ಉದ್ಯೋಗಿ, ಮೂರು ತಿಂಗಳ ಗರ್ಭಿಣಿ. ಕಂಪನಿಯ ಗುಂಪು ವಿಮೆ 5 ಲಕ್ಷ ರೂಪಾಯಿಯದು. ಹೆಚ್ಚು ಸಂಬಳದ ಬೇರೆ ಕೆಲಸ ಸಿಕ್ಕಿದೆ. ಬದಲಾಯಿಸಬಹುದೇ?
– ಓದುಗರೊಬ್ಬರು, ಮೈಸೂರು

ಉತ್ತರ: ಹೊಸ ಕಂಪನಿಯಿಂದ ಎರಡು ಉತ್ತರಗಳು ಬರವಣಿಗೆಯಲ್ಲಿ ಬರುವವರೆಗೆ ರಾಜೀನಾಮೆ ಕೊಡಬೇಡಿ. ಅವರ ಗುಂಪು ವಿಮೆಯಲ್ಲಿ ಹೆರಿಗೆಗೆ ಕಾಯುವ ಅವಧಿ ಇದೆಯೇ, ಮಗುವಿಗೆ ಹುಟ್ಟಿದ ದಿನದಿಂದಲೇ ರಕ್ಷಣೆ ಇದೆಯೇ? ಹಳೆಯ ಕಂಪನಿಯ ವಿಮೆ ಸಾಮಾನ್ಯವಾಗಿ ನಿಮ್ಮ ಕೊನೆಯ ಕೆಲಸದ ದಿನಕ್ಕೇ ಮುಗಿಯುತ್ತದೆ. ವೇತನ ಸಹಿತ 26 ವಾರಗಳ ಹೆರಿಗೆ ರಜೆ ಬೇಕಾದರೆ ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ ಹೊಸ ಕಂಪನಿಯಲ್ಲೇ ಕನಿಷ್ಠ 80 ದಿನ ಕೆಲಸ ಮಾಡಿರಬೇಕು. ನಿಮಗೆ ಆರು ತಿಂಗಳಿದೆ, ತಕ್ಷಣ ಸೇರಿದರೆ ಸಾಕಾಗುತ್ತದೆ. ನೋಟಿಸ್ ಅವಧಿಯೇ ಮೂರು ತಿಂಗಳಾದರೆ ಮಾತ್ರ ತೀರಾ ಬಿಗಿ.

ಇನ್ನು ಆ 5 ಲಕ್ಷದ ಬಗ್ಗೆ: ಅಷ್ಟೂ ಹಣ ಹೆರಿಗೆಗೆ ಸಿಗುವುದಿಲ್ಲ. ಗುಂಪು ವಿಮೆಗಳಲ್ಲಿ ಹೆರಿಗೆಗೆ ಪ್ರತ್ಯೇಕ ಮಿತಿ ಇರುತ್ತದೆ, ಅದು ಒಟ್ಟು ಮೊತ್ತದ ಒಂದು ಸಣ್ಣ ಪಾಲು ಮಾತ್ರ. ಎರಡೂ ಕಂಪನಿಗಳ ಮಿತಿಯನ್ನು ಕೇಳಿ ಬರೆದುಕೊಳ್ಳಿ, ನಿಮ್ಮ ವೈದ್ಯರ ಆಸ್ಪತ್ರೆಯಿಂದ ಸಿಸೇರಿಯನ್‌ನ ಅಂದಾಜು ವೆಚ್ಚವನ್ನೂ ಈಗಲೇ ತರಿಸಿಕೊಳ್ಳಿ. ಮಿತಿ ಮೀರಿದ ಹಣವನ್ನು ಮಗು ಹುಟ್ಟುವ ಮೊದಲೇ ಬದಿಗೆ ತೆಗೆದಿಡಬೇಕಾಗುತ್ತದೆ.