ಎಕ್ಸೈಮರ್ ಲೇಸರ್ ಪಾಲಿಮರನ್ನು ಕರಗಿಸದೆ ಹೇಗೆ ಕೆತ್ತುತ್ತದೆ?

ಎಕ್ಸೈಮರ್ ಎಂದರೆ ನೇರಳಾತೀತ ಬೆಳಕನ್ನು ಚಿಕ್ಕ ಚಿಕ್ಕ ಸ್ಪಂದನಗಳಲ್ಲಿ ಹೊಮ್ಮಿಸುವ ಲೇಸರ್. ಎಲ್ಲವೂ ಹೀರಿಕೆಯ ಆಳದ ಮೇಲೆ, ಅಂದರೆ ಬೆಳಕಿನ ಬಹುಪಾಲು ಹೀರಿಹೋಗುವ ಪದರದ ದಪ್ಪದ ಮೇಲೆ ನಿಂತಿದೆ. 248 ನ್ಯಾನೊಮೀಟರ್ ತರಂಗಾಂತರದ ಫೋಟಾನಿನ (ಬೆಳಕಿನ ಕಣದ) ಶಕ್ತಿ 5 ಇಲೆಕ್ಟ್ರಾನ್ ವೋಲ್ಟ್, 193ರದ್ದು 6.4. ಇಂಗಾಲ–ಇಂಗಾಲ ಬಂಧ ಮುರಿಯಲು ಸುಮಾರು 3.6 ಸಾಕು. ಪಾಲಿಇಮೈಡ್ ಎಂಬ ಪ್ಲಾಸ್ಟಿಕ್ 248ರ ಬೆಳಕಿನ ಬಹುಪಾಲನ್ನು ಮೇಲಿನ 35 ನ್ಯಾನೊಮೀಟರಿನಷ್ಟರಲ್ಲೇ ನುಂಗಿಬಿಡುತ್ತದೆ. ಸ್ಪಂದನ ಬರೀ 20 ನ್ಯಾನೊಸೆಕೆಂಡು. ಶಾಖ ಒಳಗೆ ಹರಡುವ ಮುನ್ನವೇ ಆ ಪದರ ತುಣುಕುಗಳಾಗಿ, ಅನಿಲವಾಗಿ ಸಿಡಿದು ಹೋಗುತ್ತದೆ. ಬಂಧ ನೇರವಾಗಿ ಮುರಿಯುವುದೋ ಶಾಖದಿಂದಲೋ ಎಂಬುದು ಹಳೆಯ ಜಗಳ. ಪಾಲಿಇಮೈಡಿನಲ್ಲಿ ಶಾಖದ ಪಾಲು ಚಿಕ್ಕದಲ್ಲ.

ಪ್ರತಿ ಸ್ಪಂದನದ ಆಳ ≈ ಹೀರಿಕೆಯ ಆಳ × ಲಾಗ್ (ಶಕ್ತಿ ಸಾಂದ್ರತೆ ÷ ಹೊಸ್ತಿಲು). ಇಲ್ಲಿ ಲಾಗ್ ಎಂದರೆ ಸ್ವಾಭಾವಿಕ ಲಾಗರಿದಮ್; ಹೊಸ್ತಿಲು ಎಂದರೆ ಕೆತ್ತನೆ ಶುರುವಾಗಲು ಬೇಕಾದ ಕನಿಷ್ಠ ಶಕ್ತಿ ಸಾಂದ್ರತೆ. ಹೊಸ್ತಿಲು ಚದರ ಸೆಂಟಿಮೀಟರಿಗೆ 50 ಮಿಲಿಜೂಲ್, ಕೊಟ್ಟದ್ದು 200 ಎಂದುಕೊಂಡರೆ ಸುಮಾರು 50 ನ್ಯಾನೊಮೀಟರ್. 25 ಮೈಕ್ರಾನ್ ಹಾಳೆ ತೂತಾಗಲು 500 ಸ್ಪಂದನಗಳು ಬೇಕು. ಲಾಗ್ ಸಂಬಂಧವಾದ್ದರಿಂದ ಈ 200ನ್ನು ದುಪ್ಪಟ್ಟು ಮಾಡಿದರೆ ಆಳ ದುಪ್ಪಟ್ಟಾಗದು.

ಹೊಸ್ತಿಲಿನ ಹತ್ತಿರವೇ ಕೆಲಸ ಮಾಡಿದರೆ ತಳದಲ್ಲಿ ಶಂಕುಗಳು ಏಳುತ್ತವೆ. ಅಂಚಿನ ಮಸಿಗೆ ಹೀಲಿಯಂ ಹರಿವು ಅಥವಾ ನಿರ್ವಾತ ಒಳ್ಳೆಯ ಮದ್ದು. ಅಕ್ರಿಲಿಕ್ 248ರಲ್ಲಿ ಹೆಚ್ಚು ಹೀರುವುದಿಲ್ಲ, ಮೊದಲ ಕೆಲವು ಸ್ಪಂದನಗಳು ಅದನ್ನು ಬರೀ ಕೆಡಿಸುತ್ತವೆ, ಆಮೇಲೆ ಕೆತ್ತನೆ ಶುರು. ಅದಕ್ಕೆ 193 ವಾಸಿ. ಟೆಫ್ಲಾನಿಗೆ ಇವೆರಡೂ ಸಾಲವು, 157 ಬೇಕು.