ಆಕ್ಸಿಸ್2 ಹ್ಯಾಂಡ್ಲರ್‌ಗಳೆಲ್ಲ ಹಂಚಿಕೊಳ್ಳುವ ಕನೆಕ್ಷನ್ ಪೂಲನ್ನು ಎಲ್ಲಿ ತೆರೆಯಬೇಕು?

ಜಾವಾ ವೆಬ್ ಸರ್ವಿಸ್‌ಗಳನ್ನು ನಡೆಸುವ ಆಕ್ಸಿಸ್2ಗೆ ನೀವು ಸೇರಿಸುವ ಮಾಡ್ಯೂಲಿನ ಹ್ಯಾಂಡ್ಲರ್‌ಗಳು, ಅಂದರೆ ಮೆಸೇಜಿನ ದಾರಿಯಲ್ಲಿ ಕೂತ ಕ್ಲಾಸುಗಳು, ಬಂದುಹೋಗುವ ಪ್ರತಿ ಮೆಸೇಜನ್ನೂ ಡೇಟಾಬೇಸಿನಲ್ಲಿ ದಾಖಲಿಸುತ್ತವೆ, ಎಲ್ಲಕ್ಕೂ ಸೇರಿ ಪೂಲ್ (ತೆರೆದಿಟ್ಟ ಡೇಟಾಬೇಸ್ ಕನೆಕ್ಷನ್‌ಗಳ ಗುಂಪು) ಒಂದೇ ಇರಬೇಕು, ಅದನ್ನು ಹ್ಯಾಂಡ್ಲರ್‌ನ ಕನ್‌ಸ್ಟ್ರಕ್ಟರ್‌ನಲ್ಲಿ ತೆರೆಯಲೋ ಕ್ಲಾಸಿಗೆ ಒಮ್ಮೆ ಮಾತ್ರ ಓಡುವ ಸ್ಟ್ಯಾಟಿಕ್ ಬ್ಲಾಕ್‌ನಲ್ಲೋ ಎಂದು ಕೇಳಿದ್ದೀರಿ. ಎರಡೂ ಬೇಡ. ಮಾಡ್ಯೂಲ್ ಕ್ಲಾಸಿನ ಇನಿಟ್ ಮೆಥಡ್‌ನಲ್ಲಿ ತೆರೆಯಿರಿ, ಇಡೀ ಆಕ್ಸಿಸ್2ಗೆ ಒಂದೇ ಇರುವ ಕಾನ್ಫಿಗರೇಶನ್‌ಕಾಂಟೆಕ್ಸ್ಟ್‌ನಲ್ಲಿ ಒಂದು ಪ್ರಾಪರ್ಟಿಯಾಗಿ ಇಡಿ, ಅದೇ ಕ್ಲಾಸಿನ ಶಟ್‌ಡೌನ್‌ನಲ್ಲಿ ಮುಚ್ಚಿ. ಅವಸರವಿದ್ದರೆ ಇಷ್ಟು ಸಾಕು. ಯಾಕೆ ಅನ್ನುವುದನ್ನು ನಾನು ಪೆಟ್ಟು ತಿಂದು ಕಲಿತೆ, ಪುರುಸೊತ್ತಿದ್ದರೆ ಮುಂದೆ ಓದಿ.

ಮೊದಲ ಸಲ ಇಂಥದ್ದೇ ಮಾಡ್ಯೂಲ್ ಬರೆದಾಗ ನಾನೂ ಪೂಲನ್ನು ಹ್ಯಾಂಡ್ಲರ್‌ನ ಕನ್‌ಸ್ಟ್ರಕ್ಟರ್‌ನಲ್ಲೇ ತೆರೆದಿದ್ದೆ. ಕ್ಲಾಸ್ ಒಂದೇ, ಹಾಗಾಗಿ ಪೂಲೂ ಒಂದೇ ಎಂಬುದು ನನ್ನ ಲೆಕ್ಕ. ಆದರೆ ಮಾಡ್ಯೂಲ್ ಡಾಟ್ ಎಕ್ಸ್‌ಎಂಎಲ್‌ನಲ್ಲಿ ಆ ಕ್ಲಾಸನ್ನು ಇನ್‌ಫ್ಲೋ, ಔಟ್‌ಫ್ಲೋ, ಇನ್‌ಫಾಲ್ಟ್‌ಫ್ಲೋ, ಔಟ್‌ಫಾಲ್ಟ್‌ಫ್ಲೋ (ಮೆಸೇಜುಗಳೂ ಎರರ್‌ಗಳೂ ಒಳಬರುವ, ಹೊರಹೋಗುವ ದಾರಿಗಳು) ನಾಲ್ಕರಲ್ಲೂ ಹೆಸರಿಸಿದ್ದೆ. ಆಕ್ಸಿಸ್2 ಒಂದೊಂದು ಕಡೆಗೂ ಒಂದೊಂದು ಆಬ್ಜೆಕ್ಟ್ ಮಾಡುತ್ತದೆ. ಪೂಲ್ ಲೈಬ್ರರಿ ಹಿಕಾರಿಸಿಪಿ. ಏನೂ ಸೆಟ್ ಮಾಡದಿದ್ದರೆ ಅದು 10 ಕನೆಕ್ಷನ್ ತೆರೆದು, ಕೆಲಸವಿರಲಿ ಬಿಡಲಿ, ಹಿಡಿದುಕೊಂಡೇ ಕೂರುತ್ತದೆ. ನಾಲ್ಕು ಪೂಲಿಗೆ 40. ಸರ್ವರ್ ಎರಡಿದ್ದವು, 80. ನಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್, ಅದರ ಡೀಫಾಲ್ಟ್ ಮಿತಿ 100 ಕನೆಕ್ಷನ್, ಅದರಲ್ಲೂ 3 ಸೂಪರ್‌ಯೂಸರ್‌ಗೆ ಮೀಸಲು. 80 ಹೇಗೋ ಹಿಡಿಸಿತು, ಬಹಳ ದಿನ ಯಾರಿಗೂ ಏನೂ ಗೊತ್ತಾಗಲಿಲ್ಲ.

ಒಂದು ಸಂಜೆ ಒಂದು ಸರ್ವರಿನಲ್ಲಿ, ಆಕ್ಸಿಸ್2 ಓಡುತ್ತಿದ್ದ ವೆಬ್ ಸರ್ವರ್ ಪ್ರೋಗ್ರಾಮಾದ ಟಾಮ್‌ಕ್ಯಾಟನ್ನು ನಿಲ್ಲಿಸದೆ ನಮ್ಮ ವೆಬ್ ಅಪ್ಲಿಕೇಶನ್ ಮಾತ್ರ ರಿಲೋಡ್ ಮಾಡಿದೆ. ಹಳೆಯ 40ನ್ನು ಮುಚ್ಚುವ ಕೋಡ್ ಎಲ್ಲೂ ಇರಲಿಲ್ಲ, ಹೊಸ ಪೂಲುಗಳು ಇನ್ನೊಂದು 40ಕ್ಕೆ ಕೈ ಚಾಚಿದವು. ಉಳಿದ ಸ್ಲಾಟ್‌ಗಳು ಸೂಪರ್‌ಯೂಸರ್‌ಗೆ ಮೀಸಲು ಎಂದು ಪೋಸ್ಟ್‌ಗ್ರೆಸ್ ಬಾಗಿಲು ಹಾಕಿತು. ಅದೇ ಡೇಟಾಬೇಸನ್ನು ನಂಬಿದ್ದ, ನಮ್ಮ ಮಾಡ್ಯೂಲಿಗೆ ಸಂಬಂಧವೇ ಇಲ್ಲದ ಪ್ರೋಗ್ರಾಮುಗಳೂ ಜೊತೆಗೆ ಕೂತವು. ಪೋಸ್ಟ್‌ಗ್ರೆಸ್ ತನ್ನ ಕನೆಕ್ಷನ್‌ಗಳನ್ನು ಪಟ್ಟಿ ಮಾಡುವ ಪಿಜಿ_ಸ್ಟ್ಯಾಟ್_ಆಕ್ಟಿವಿಟಿ ನೋಡಿದರೆ ಮೇಲಿಂದ ಕೆಳಗೆ ಬರೀ 'ಐಡಲ್'. ಹಿಕಾರಿಯ ಹೌಸ್‌ಕೀಪರ್ ಥ್ರೆಡ್ ಇನ್ನೂ ನಿಂತಿಲ್ಲ ಎಂದು ಟಾಮ್‌ಕ್ಯಾಟ್ ಲಾಗಿನಲ್ಲಿ ಎಚ್ಚರಿಸಿಯೂ ಇತ್ತು. ಆ ಸಾಲುಗಳನ್ನು ಯಾರು ಓದುತ್ತಾರೆ ಹೇಳಿ.

ಸರಿ, ಸ್ಟ್ಯಾಟಿಕ್‌ನಲ್ಲಿಟ್ಟರೆ ನಾಲ್ಕು ಆಬ್ಜೆಕ್ಟಿಗೂ ಒಂದೇ ಪೂಲ್ ಆಗುತ್ತದಲ್ಲ ಅನ್ನಿಸಬಹುದು. ಆಗುತ್ತದೆ, ಆ ಮಾಡ್ಯೂಲಿನ ಮಟ್ಟಿಗೆ. ಆದರೆ ಪ್ರತಿ ಮಾರ್ (ಮಾಡ್ಯೂಲ್) ಫೈಲಿಗೂ ಪ್ರತಿ ಆರ್ (ಸರ್ವಿಸ್) ಫೈಲಿಗೂ ಕ್ಲಾಸುಗಳನ್ನು ಲೋಡ್ ಮಾಡುವ ಅದರದೇ ಕ್ಲಾಸ್‌ಲೋಡರ್ ಇದೆ. ಪೂಲ್ ಕ್ಲಾಸಿರುವ ಜಾರನ್ನು ಮಾಡ್ಯೂಲ್ ಒಳಗೂ ಸರ್ವಿಸ್ ಒಳಗೂ ಹಾಕಿದ್ದರೆ ಜೆವಿಎಂ ಲೆಕ್ಕದಲ್ಲಿ ಅವು ಎರಡು ಬೇರೆ ಕ್ಲಾಸುಗಳು, ಸ್ಟ್ಯಾಟಿಕ್ಕೂ ಎರಡು. ಒಂದರಿಂದ ತೆಗೆದ ಆಬ್ಜೆಕ್ಟನ್ನು ಇನ್ನೊಂದಕ್ಕೆ ಕೊಟ್ಟರೆ, ಇಂಥ ಕ್ಲಾಸನ್ನು ಅದೇ ಹೆಸರಿನ ಕ್ಲಾಸಿಗೆ ಕಾಸ್ಟ್ ಮಾಡಲಾಗದು ಎಂಬ ತಲೆಕೆಡಿಸುವ ಎರರ್ ಬರುತ್ತದೆ. ಹಂಚಿಕೊಳ್ಳುವ ಜಾರನ್ನು ವೆಬ್-ಇನ್ಫ್ ಕೆಳಗಿನ ಲಿಬ್‌ನಲ್ಲಿ ಒಂದೇ ಕಡೆ ಇಡಿ. ಕಾನ್ಫಿಗರೇಶನ್‌ಕಾಂಟೆಕ್ಸ್ಟ್ ದಾರಿ ಹಿಡಿದರೂ ಇದು ಬೇಕೇ ಬೇಕು.

ಸ್ಟ್ಯಾಟಿಕ್ ಬ್ಲಾಕಿನ ಇನ್ನೊಂದು ತೊಂದರೆ ಇದಕ್ಕಿಂತ ಕೆಟ್ಟದ್ದು. ಸರ್ವರ್ ಏಳುವ ಹೊತ್ತಿಗೆ ಡೇಟಾಬೇಸ್ ಅರ್ಧ ನಿಮಿಷ ಸಿಗಲಿಲ್ಲ ಅಂದುಕೊಳ್ಳಿ. ಮೊದಲ ಸಲ ಎಕ್ಸೆಪ್ಶನ್‌ಇನ್‌ಇನಿಶಿಯಲೈಸರ್‌ಎರರ್ ಬರುತ್ತದೆ, ಆಮೇಲೆ ಪ್ರತಿ ಸಲವೂ ನೋಕ್ಲಾಸ್‌ಡೆಫ್‌ಫೌಂಡ್‌ಎರರ್. ಡೇಟಾಬೇಸ್ ವಾಪಸ್ ಬಂದರೂ ಕ್ಲಾಸ್ ಚೇತರಿಸಿಕೊಳ್ಳುವುದಿಲ್ಲ, ಲೋಡ್ ಮಾಡಿದ ಕ್ಲಾಸ್‌ಲೋಡರ್ ಇರುವ ತನಕ ಅದು ಸತ್ತಂತೆಯೇ. ಎರಡನೇ ಎರರ್ ಮಾತ್ರ ನೋಡಿದವರು ಯಾವುದೋ ಜಾರ್ ಕಾಣೆಯಾಗಿದೆ ಎಂದು ಹುಡುಕುತ್ತಾ ಕೂರುತ್ತಾರೆ.

ಮಾಡ್ಯೂಲಿನ ಇನಿಟ್‌ಗೆ ಕಾನ್ಫಿಗರೇಶನ್‌ಕಾಂಟೆಕ್ಸ್ಟ್ ಕೈಗೇ ಬರುತ್ತದೆ. ಅಲ್ಲಿ ಪೂಲ್ ಕಟ್ಟಿ ಸೆಟ್‌ಪ್ರಾಪರ್ಟಿ ಮಾಡಿ. ಕೀ ಹೆಸರಿಗೆ ನಿಮ್ಮ ಪ್ಯಾಕೇಜ್ ಹೆಸರನ್ನೂ ಸೇರಿಸಿ, ಬರೀ 'ಪೂಲ್' ಎಂದಿಟ್ಟರೆ ನಾಳೆ ಇನ್ನೊಬ್ಬರ ಮಾಡ್ಯೂಲ್ ಅದರ ಮೇಲೆಯೇ ಬರೆದುಬಿಟ್ಟೀತು. ಹ್ಯಾಂಡ್ಲರ್ ತನ್ನ ಇನ್‌ವೋಕ್ ಒಳಗೆ, ಮೆಸೇಜ್‌ಕಾಂಟೆಕ್ಸ್ಟ್ ಮೂಲಕ, ಅದನ್ನು ಪ್ರತಿ ಸಲ ಕೇಳಿ ಪಡೆಯಲಿ. ಅದು ಮ್ಯಾಪಿನಲ್ಲಿ ಒಂದು ಹುಡುಕಾಟ ಅಷ್ಟೇ, ಡೇಟಾಬೇಸಿಗೆ ಹೋಗಿಬರುವುದರ ಮುಂದೆ ಲೆಕ್ಕಕ್ಕಿಲ್ಲ. ಹ್ಯಾಂಡ್ಲರ್‌ನ ಇನಿಟ್‌ನಲ್ಲೇ ತೆಗೆದು ಫೀಲ್ಡಿನಲ್ಲಿಟ್ಟುಕೊಳ್ಳೋಣ ಎಂದರೆ ಅಲ್ಲಿಗೆ ಬರುವುದು ಹ್ಯಾಂಡ್ಲರ್‌ಡಿಸ್ಕ್ರಿಪ್ಶನ್ ಮಾತ್ರ.

ಮೊದಲ ರಿಕ್ವೆಸ್ಟ್ ಬಂದಾಗ ತೆರೆದರಾಯಿತು ಎಂದು ಯಾರಾದರೂ ಸಲಹೆ ಕೊಟ್ಟಾರು. ಒಂದು ಹ್ಯಾಂಡ್ಲರ್ ಆಬ್ಜೆಕ್ಟಿನ ಮೇಲೆ ಏಕಕಾಲಕ್ಕೆ ಹಲವು ಥ್ರೆಡ್‌ಗಳು ಓಡುತ್ತವೆ, ಲಾಕ್ ಸರಿಯಾಗಿ ಹಾಕದಿದ್ದರೆ ಮತ್ತೆ ಎರಡು ಮೂರು ಪೂಲ್. ಡೇಟಾಬೇಸ್ ಇಲ್ಲದಿದ್ದರೂ ಸರ್ವಿಸ್ ಏಳಲೇಬೇಕು ಎಂಬುದೇ ಕಾರಣವಾಗಿದ್ದರೆ ಹಿಕಾರಿಯ ಇನಿಶಿಯಲೈಸೇಶನ್‌ಫೇಲ್‌ಟೈಮ್‌ಔಟ್ ಅನ್ನು -1 ಮಾಡಿ. ಪೂಲ್ ಆಗಲೇ ಕಟ್ಟುತ್ತದೆ, ಕನೆಕ್ಷನ್ ಸಿಕ್ಕಾಗ ಸಿಗಲಿ.

ಪೂಲ್ ಬೇಕಾಗಿರುವುದು ಒಂದೇ ಸರ್ವಿಸಿಗೆ ಎಂದಾದರೆ ಮಾಡ್ಯೂಲ್ ಬೇಡ, ಸರ್ವಿಸ್‌ಲೈಫ್‌ಸೈಕಲ್‌ನ ಸ್ಟಾರ್ಟ್‌ಅಪ್, ಶಟ್‌ಡೌನ್ ಸಾಕು. ಸರ್ವಿಸ್ ಕ್ಲಾಸಿನ ಕನ್‌ಸ್ಟ್ರಕ್ಟರ್‌ನಲ್ಲಿ ಮಾತ್ರ ತೆರೆಯಬೇಡಿ: ಸ್ಕೋಪ್ ಬದಲಿಸದಿದ್ದರೆ ಪ್ರತಿ ರಿಕ್ವೆಸ್ಟಿಗೂ ಹೊಸ ಆಬ್ಜೆಕ್ಟ್ ಹುಟ್ಟುತ್ತದೆ. ಆಕ್ಸಿಸ್2ರ ಹೊರಗಿನ ಸರ್ವ್‌ಲೆಟ್‌ಗಳಿಗೂ ಅದೇ ಪೂಲ್ ಬೇಕಿದ್ದರೆ ಟಾಮ್‌ಕ್ಯಾಟ್ ತಾನೇ ಇಟ್ಟುಕೊಂಡು ಹೆಸರಿನಿಂದ ಕೊಡುವ ಪೂಲ್, ಅಂದರೆ ಅದರ ಜೆಎನ್‌ಡಿಐ ಡೇಟಾಸೋರ್ಸ್ ಬಳಸಿ, ತೆರೆದು ಮುಚ್ಚುವ ತಲೆನೋವು ಅದಕ್ಕೇ ಇರಲಿ.

ಬರೆದು ಮುಗಿಸಿದ ಮೇಲೆ ಎಣಿಸಿ ನೋಡಿ. ಜೆಡಿಬಿಸಿ ಯುಆರ್‌ಎಲ್‌ನಲ್ಲಿ ಅಪ್ಲಿಕೇಶನ್‌ನೇಮ್ ಕೊಟ್ಟರೆ ಪಿಜಿ_ಸ್ಟ್ಯಾಟ್_ಆಕ್ಟಿವಿಟಿಯಲ್ಲಿ ನಿಮ್ಮ ಕನೆಕ್ಷನ್‌ಗಳು ಆ ಹೆಸರಿನಲ್ಲೇ ಕಾಣುತ್ತವೆ. ಒಂದು ಸರ್ವರ್ ಎದ್ದ ಮೇಲೆ 10 ಇರಬೇಕು. ಅಪ್ಲಿಕೇಶನ್ ರಿಲೋಡ್ ಮಾಡಿ ಮತ್ತೆ ಎಣಿಸಿ. 20 ಕಂಡರೆ ಮಾಡ್ಯೂಲಿನ ಶಟ್‌ಡೌನ್‌ನಲ್ಲಿ ಕ್ಲೋಸ್ ಕರೆಯುವುದು ಮರೆತಿದ್ದೀರಿ.